ಈರವ್ವನ ಉಡಿ

ಜನವರಿ ೨೮, ಮಂಗಳವಾರ

ಕಾಲು ಮುರಿದುಕೊಂಡವಳಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಆಫೀಸಿನ ಗೆಳತಿ ನಿಖಿತಾ ಮಾತ್ರ ಈ ಡೈರಿ ಕೊಟ್ಟು, "ಬೈಬೇಕು ಅನ್ಸಿದ್ರೆ ಇದ್ರಲ್ಲಿ ಬೈಕೊ, ಮನೇಲಿ ಬೈಬೇಡ" ಎಂದು ಹೋದಳು. ಒಳ್ಳೆಯ ಸಲಹೆ. ಶುರು ಮಾಡುತ್ತೇನೆ.

ಮೊದಲು ಈ ನೈಮೆಗನ್ನಿಗೆ. ನೆದರ್‌ಲ್ಯಾಂಡ್ಸ್ ಎಂದರೆ ಅಂಗೈಯಷ್ಟು ಸಪಾಟು ಎಂದು ನಂಬಿಸಿ, ನನ್ನನ್ನು ತಂದು ಇಳಿಸಿದ್ದು ಏರು ಇಳಿಜಾರುಗಳಿರುವ ಊರಿಗೆ. ಮಂಜುಗಟ್ಟಿದ ಇಳಿಜಾರಿನಲ್ಲಿ ಸೈಕಲ್ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಈಗ ಬಲಗಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರ್. ಇಲ್ಲಿ ಅದನ್ನು ಗಿಪ್ಸ್ ಎನ್ನುತ್ತಾರೆ. ಚಿಪ್ ಪರೀಕ್ಷಿಸುವ ನನ್ನ ಕೆಲಸವನ್ನು ಮನೆಯಿಂದ ಮಾಡಲು ಬರುವುದಿಲ್ಲ, ಹಾಗಾಗಿ ರಜೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾನು ಚಾಚಿದ್ದೇನೆ, ಮಡಚಲು ಬರುತ್ತಿಲ್ಲ.

ಎರಡನೆಯ ಬೈಗುಳ ನನ್ನ ಗಂಡ ವಿಜಯೇಂದ್ರನಿಗೆ. ವಾರಕ್ಕೆ ಮೂರು ದಿನ ಹೂಫ್‌ಡಾರ್ಪ್‌ನ ಆಫೀಸಿಗೆ ರೈಲಿನಲ್ಲಿ ಓಡಾಡುವ ಈ ಮಹಾರಾಯ, ನನ್ನನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ತನ್ನ ತಾಯಿಯನ್ನು ಕರೆಸಿದ್ದಾನೆ. ಏಪ್ರಿಲ್ ತನಕ ಇರುತ್ತಾರೆ. ನನ್ನನ್ನು ಕೇಳಿಯೇ ಕರೆಸಿದ್ದಂತೆ. ನೋವಿನ ಮಾತ್ರೆ ನುಂಗಿ ಹೂಂ ಅಂದಿರಬೇಕು.

ಅತ್ತೆ ಶಿವಕ್ಕ ಕೆಟ್ಟವರಲ್ಲ. ಆದರೆ ನನ್ನ ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ "ಊಟ ಆತೇನ?", "ಆತ್ರಿ" ಬಿಟ್ಟು ಮೂರನೆಯ ಮಾತು ಹುಟ್ಟಿಲ್ಲ. ಮಾವ ನಾಗಪ್ಪನವರು ಹೋದ ಮೇಲೆ ಅತ್ತೆ ಇನ್ನೂ ಮೌನವಾಗಿದ್ದಾರೆ. ಬಂದ ಎರಡನೆಯ ದಿನವೇ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದವು. ನನ್ನ ಮನೆಯಲ್ಲಿ ಸಾಸಿವೆ ಎಲ್ಲಿದೆ ಎಂದು ನಾನೇ ಕೇಳಬೇಕು. ಕೇಳುವುದಿಲ್ಲ. ಒಗ್ಗರಣೆಯಿಲ್ಲದೆ ತಿನ್ನುತ್ತೇನೆ.

ಜನವರಿ ೩೧, ಶುಕ್ರವಾರ

ಇವತ್ತು ಒಂದು ಒಳ್ಳೆಯ ಕೆಲಸವಾಯಿತು. "ಲ್ಯಾಂಟರ್ನ್ಸ್ ಆಫ್ ವೆಲ್‌ಮೂರ್" ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ನಾನು ಮೂರನೇ ಕ್ಲಾಸು, ಅಣ್ಣ ಕಿರಣ್ ಏಳನೇ ಕ್ಲಾಸು ಇದ್ದಾಗ ಧಾರವಾಡದಲ್ಲಿ ಸೋದರಮಾವನ ಮನೆಯ ಕಂಪ್ಯೂಟರಿನಲ್ಲಿ ಬೇಸಿಗೆ ರಜೆಯೆಲ್ಲ ಆಡಿದ ಆಟ. ಒಬ್ಬ ವೀರ, ಅವನ ಜೊತೆ ಇಬ್ಬರು ಮೂವರು ಸಂಗಡಿಗರು, ದಾರಿಯಲ್ಲಿ ರಾಕ್ಷಸರು, ಕೊನೆಗೆ ಒಂದು ಕಪ್ಪು ಕೋಟೆ. ಅಲ್ಲಿ ದೀಪ ಹಚ್ಚಿದರೆ ರಾಜ್ಯಕ್ಕೆ ಬೆಳಕು. ವೀರನಿಗೆ ನಾವೇ ಹೆಸರಿಡಬಹುದಿತ್ತು. ಕಿರಣ್ ಬಸ್ಯಾ ಎಂದು ಇಟ್ಟಿದ್ದ. ನಾನೂ ಇವತ್ತು ಅದನ್ನೇ ಇಟ್ಟೆ.

ಕೋಟೆಯ ಮುಂದೆ ಒಂದು ಸೇತುವೆಯಿದೆ. ನಾವು ಅದನ್ನು ಯಾವತ್ತೂ ದಾಟಲಿಲ್ಲ. ಎಷ್ಟು ಸೈನಿಕರನ್ನು ಕೊಂದರೂ ಹಿಂದಿನಿಂದ ಮತ್ತಷ್ಟು ಬರುತ್ತಿದ್ದರು. ಸಿ.ಡಿ. ಕೆಟ್ಟಿದೆ ಎಂದು ಕಿರಣ್ ತೀರ್ಮಾನ ಮಾಡಿದ. ಈ ಸಲ ದಾಟಿಯೇ ತೀರುತ್ತೇನೆ. ಮುರಿದ ಕಾಲಿನವಳಿಗೆ ಒಂದು ಗುರಿ ಬೇಕು.

ಅತ್ತೆ ನನ್ನ ಹಿಂದೆ ಕುರ್ಚಿಯಲ್ಲಿ ಕೂತು ಮೆಂತ್ಯೆ ಸೋಸುತ್ತಿದ್ದರು. ಪರದೆಯನ್ನು ನೋಡುತ್ತಿದ್ದಾರೆ ಎಂದು ಬೆನ್ನಿಗೇ ಗೊತ್ತಾಯಿತು. ಮೂವತ್ತು ದಾಟಿದ ಸೊಸೆ ಹಗಲು ಹೊತ್ತಿನಲ್ಲಿ ಆಟ ಆಡುತ್ತಾಳೆ ಎಂದು ಹುಬ್ಬಳ್ಳಿಗೆ ಸುದ್ದಿ ಹೋಗುತ್ತದೆ. ಹೋಗಲಿ.

ಫೆಬ್ರುವರಿ ೪, ಮಂಗಳವಾರ

ಜಗಳವಲ್ಲ. ಜಗಳವಾಡಲು ಇಬ್ಬರು ಬೇಕು. ನಾನು ಊರುಗೋಲಿನಲ್ಲಿ ಹೋಗಿ ಚಹಾ ಮಾಡಲು ನಿಂತೆ, ಅತ್ತೆ ಓಡಿಬಂದು ಪಾತ್ರೆ ಕಿತ್ತುಕೊಂಡರು. "ನನ್ನ ಕೆಲಸ ನಾ ಮಾಡ್ಕೋತೀನ್ರಿ, ನನಗ್ಯಾರೂ ಬ್ಯಾಡ" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಸಂಜೆ ಅವರು ಮಗನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಹುಬ್ಬಳ್ಯಾಗ ಅವರವರ ಕೆಲಸ ಅವರವರಿಗೆ. ಇಲ್ಲೂ ಹಂಗ. ನಿಮ್ಮಪ್ಪ ಹೋದ ಮ್ಯಾಲೆ ನನಗ ಎಲ್ಲಿ ಹ್ವಾದ್ರೂ ಬೀಗರ ಮನಿ ಆಗೇತಿ. ಟಿಕೆಟ್ ಲಗೂನ ಹೋಗೂ ಹಂಗ ಮಾಡಿಸಿಬಿಡಪಾ."

ವಿಜಯೇಂದ್ರ ನನ್ನ ಮುಖ ನೋಡಿದ. ನಾನು ಗಿಪ್ಸ್ ನೋಡಿದೆ. ಮಾರ್ಚ್ ಹದಿನೈದಕ್ಕೆ ಟಿಕೆಟ್ ಬದಲಾಯಿತು. ಒಳ್ಳೆಯದೇ ಆಯಿತು. ಅಷ್ಟರಲ್ಲಿ ಗಿಪ್ಸೂ ಹೋಗಿರುತ್ತದೆ.

ಫೆಬ್ರುವರಿ ೭, ಶುಕ್ರವಾರ

ಇಂಥ ಆಟಗಳಲ್ಲಿ ವೀರ ಯಾರ ಮನೆಗಾದರೂ ನುಗ್ಗಿ, ಪೆಟ್ಟಿಗೆ ತೆರೆದು, ಸಿಕ್ಕಿದ್ದನ್ನು ತೆಗೆದುಕೊಂಡು ಹೋಗಬಹುದು. ಮನೆಯವರು ಅಲ್ಲೇ ನಿಂತಿರುತ್ತಾರೆ, ಏನೂ ಅನ್ನುವುದಿಲ್ಲ. ನಾನು ಬಸ್ಯಾನನ್ನು ಒಂದು ಗುಡಿಸಲಿಗೆ ನುಗ್ಗಿಸಿದೆ. ಒಳಗೊಬ್ಬ ಮುದುಕಿ. ಪೆಟ್ಟಿಗೆಯಲ್ಲಿ ಒಂದು ಕಂಬಳಿ. ತೆಗೆದುಕೊಂಡೆ.

"ಏನವಾ ಅದು?" ಹಿಂದಿನಿಂದ ಅತ್ತೆ. ಮೂರು ದಿನದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು. "ಮಂದಿ ಮನ್ಯಾಗ ಹೊಕ್ಕು ಪೆಟಿಗಿ ತಗಿಯೂದಾ? ಕೇಳೂದಿಲ್ಲ, ಹೇಳೂದಿಲ್ಲ. ಯಾರ ಕಲಿಸ್ಯಾರ ಇವಗ?"

"ಇದು ಆಟರಿ ಅತ್ತಿ. ಹಿಂಗ ಆಡೂದು."

"ಆಟ ಇದ್ರ? ಆ ಮುದುಕಿ ಥಂಡ್ಯಾಗ ಏನ್ ಹೊತ್ಗೋಬೇಕು?"

ಕಂಬಳಿಯನ್ನು ಪೆಟ್ಟಿಗೆಗೆ ವಾಪಸ್ ಇಡಲು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಇವತ್ತು. ಇಟ್ಟೆ. "ಇನ್ನ ಆಕಿನ್ನ ಮಾತಾಡ್ಸು" ಎಂದರು. ಚಿಕ್ಕವರಿದ್ದಾಗ ನಾವು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳು, ಅಷ್ಟುದ್ದದ ಇಂಗ್ಲಿಷ್ ಓದುವ ತಾಳ್ಮೆ ಯಾರಿಗಿತ್ತು? ಬಟನ್ ಒತ್ತಿ ಹಾರಿಸುತ್ತಿದ್ದೆವು. ಇವತ್ತು ಮುದುಕಿಯ ಮಾತು ಓದಿ ಕನ್ನಡದಲ್ಲಿ ಹೇಳಿದೆ. ಕಾಡಿನ ಹಿಂದೆ ಒಂದು ಕಾಲುದಾರಿಯಿದೆ ಎಂದಳು. ಹೌದು, ಇತ್ತು. ನಾವು ಯಾವತ್ತೂ ನೋಡದ ದಾರಿ.

"ನೋಡಿದೇನ" ಎಂದು ಅತ್ತೆ ಸೋಸಿದ ಮೆಂತ್ಯೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಗೆದ್ದವರ ನಡಿಗೆ ಅದು.

ಫೆಬ್ರುವರಿ ೧೩, ಗುರುವಾರ

ಈಗ ನಮ್ಮ ಕಾಯಿದೆಗಳು ಇವು. ಯಾರ ಮನೆಗೆ ಹೋದರೂ ಮೊದಲು ಮಾತಾಡಿಸಬೇಕು. ಬಾಗಿಲಲ್ಲಿ ಕರೆಗಂಟೆಯಿದ್ದರೆ ಬಾರಿಸಿ ಒಳಗೆ ಹೋಗಬೇಕು. ಕಾಳಗಕ್ಕೆ ಮೊದಲು ಬಸ್ಯಾನಿಗೆ ರೊಟ್ಟಿ ತಿನ್ನಿಸಬೇಕು. ಆಟದಲ್ಲಿರುವುದು ಬ್ರೆಡ್, ಆದರೆ ಅತ್ತೆ ಅದನ್ನು ರೊಟ್ಟಿ ಎಂದೇ ಕರೆಯುತ್ತಾರೆ. ಅಮಾವಾಸ್ಯೆಯ ದಿನ ಹೊಸ ಊರಿಗೆ ಹೊರಡುವಂತಿಲ್ಲ. ವೆಲ್‌ಮೂರ್‌ನಲ್ಲಿ ಚಂದ್ರನೇ ಇಲ್ಲ ಎಂದರೂ ಕೇಳಲಿಲ್ಲ, ನಮ್ಮ ಕ್ಯಾಲೆಂಡರ್ ನೋಡಿ ಹೇಳುತ್ತಾರೆ.

ಬಸ್ಯಾನ ಸಂಗಡಿಗರಲ್ಲಿ ಇರಾ ಎಂಬ ಬಿಲ್ಲುಗಾರ್ತಿ ಇದ್ದಾಳೆ. ಅತ್ತೆಯ ಬಾಯಲ್ಲಿ ಅವಳು ಈರವ್ವ. ಕಡಿಮೆ ಮಾತು, ಹೆಚ್ಚು ಕೆಲಸ, ಆದ್ದರಿಂದ ಅತ್ತೆಗೆ ಅವಳೆಂದರೆ ಪ್ರೀತಿ. "ಬಸ್ಯಾ ಬರೇ ಮುಂದ ಮುಂದ ಓಡತಾನ. ಹಿಂದ ನಿಂತು ಕಾಯಾಕಿ ಈಕಿನ" ಎನ್ನುತ್ತಾರೆ.

ವಿಜಯೇಂದ್ರ ದ ಹೇಗ್‌ನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದಿದ್ದ. ಅತ್ತೆ ಬಡಿದ ರೊಟ್ಟಿಯ ಸದ್ದಿಗೆ ಕೆಳಗಿನ ಮನೆಯ ಡಚ್ ಅಜ್ಜ ಮೇಲೆ ಬಂದು, ಏನಾದರೂ ರಿಪೇರಿಯೇ ಎಂದು ಕೇಳಿದ. ಅತ್ತೆ ಅವನ ಕೈಗೆ ಬೆಣ್ಣೆ ಹಚ್ಚಿದ ರೊಟ್ಟಿ ಕೊಟ್ಟು ಕಳಿಸಿದರು. ನಾನು ಮೂರು ತಿಂದೆ. ಬರೆಯಲು ಮರೆತಿದ್ದೆ, ಸಾಸಿವೆ ಒಲೆಯ ಎಡಗಡೆ ಎರಡನೆಯ ಡಬ್ಬಿಯಲ್ಲಿದೆ. ಅಲ್ಲಿದ್ದರೇ ಅನುಕೂಲ.

ಫೆಬ್ರುವರಿ ೨೫, ಮಂಗಳವಾರ

ಗಿಪ್ಸ್ ಬಿಚ್ಚಿದರು. ಒಳಗಿನಿಂದ ಯಾರದೋ ಕಾಲು ಬಂತು, ಒಣಗಿದ ನುಗ್ಗೆಕಾಯಿಯಂತೆ. ಅತ್ತೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ನೀವಿದರು. ಬೇಡ ಎನ್ನೋಣವೆಂದುಕೊಂಡೆ, ನಿದ್ದೆ ಬಂದುಬಿಟ್ಟಿತು.

ಫೆಬ್ರುವರಿ ೨೮, ಶುಕ್ರವಾರ

ಇವತ್ತು ದೊಡ್ಡ ರಂಪವಾಯಿತು.

ಆಟದ ನಡುವೆ ಇರಾಳ ಊರಿಗೆ ಶತ್ರುಗಳು ಮುತ್ತಿಗೆ ಹಾಕುತ್ತಾರೆ. "ನಾಳೆ ಬೆಳಿಗ್ಗೆ ಹೊರಡುತ್ತೇನೆ" ಎನ್ನುತ್ತಾಳೆ. ಹೋದವಳು ಮತ್ತೆ ತಂಡಕ್ಕೆ ಸೇರುವುದಿಲ್ಲ. ಅವಳ ಮೈಮೇಲೆ ಏನಿರುತ್ತದೋ ಅದೆಲ್ಲ ಅವಳ ಜೊತೆಗೇ ಹೋಗುತ್ತದೆ. ಈ ಆಟ ಆಡಿದ ಯಾರನ್ನು ಕೇಳಿದರೂ ಒಂದೇ ಉಪಾಯ ಹೇಳುತ್ತಾರೆ, ಹೊರಡುವ ಮೊದಲು ಎಲ್ಲ ಕಳಚಿಟ್ಟುಕೊಳ್ಳಬೇಕು. ಕಿರಣ್ ಮತ್ತು ನಾನು ಪ್ರತಿ ಸಲವೂ ಹಾಗೇ ಮಾಡಿದ್ದೆವು. ಇವತ್ತೂ ಮಾಡಿದೆ. ಬೆಳ್ಳಿ ಬಿಲ್ಲು ತೆಗೆದೆ, ನೀಲಿ ನಿಲುವಂಗಿ ತೆಗೆದೆ, ಕವಚ ತೆಗೆದೆ.

"ಏನ್ ಮಾಡಾಕತ್ತೀ?" ಅತ್ತೆ ಕುರ್ಚಿಯಿಂದ ಎದ್ದರು.

"ಆಕಿ ಹೊಂಟಾಳ್ರಿ. ಮತ್ತ ಬರೂದಿಲ್ಲ. ಬಿಲ್ಲು ಬಸ್ಯಾಗ ಬೇಕಾಗತೇತಿ."

"ಮನಿ ಬಿಟ್ಟು ಹೋಗೂ ಹೆಣಮಗಳ್ನ ಬರಿಗೈಲೆ ಕಳಸ್ತೀಯೇನ? ಇಷ್ಟ ದಿನಾ ನಿಮ್ಮ ಹಿಂದ ಬಂದಾಳ. ನಮ್ಮ ಕಡೆ ವೈರಿ ಮಗಳಿಗೂ ಉಡಿ ತುಂಬಿ ಕಳಸ್ತಾರ."

"ಅತ್ತಿ, ಬಿಲ್ಲು ಇಲ್ಲಂದ್ರ ಈ ಸಲಾನೂ ನಾವು ಸೇತುವಿ ದಾಟೂದಿಲ್ಲ."

"ಇದ್ದಾಗರ ದಾಟಿದ್ರೇನ?"

ಅವರು ಮತ್ತೆ ಕೂತು, ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಹೇಳಿದರು. "ಹ್ವಾದ ವರ್ಷ ನಮ್ಮ ತಮ್ಮನ ಮಗಳ ಮದವ್ಯಾಗ ಎಲ್ಲಾರೂ ಸಾಲಾಗಿ ಕುಂತಿದ್ವಿ. ಉಡಿ ತುಂಬ್ಕೋತ ಬಂದ್ರು. ನನ್ನ ದಾಟಿ ಮುಂದಿನಾಕಿಗೆ ತುಂಬಿದ್ರು. ಗಂಡ ಇಲ್ಲದಾಕಿಗೆ ತುಂಬೂದಿಲ್ಲ, ನನಗ ಗೊತ್ತಿಲ್ಲೇನ. ನಾನೂ ಹಿಂಗ ಎಷ್ಟ ಮಂದೀನ ದಾಟಿ ಮುಂದ ಹೋಗೇನಿ. ಆದ್ರೂ ಸೆರಗ ಹಿಡದ ಕುಂತಿದ್ನೆವಾ. ಹಂಗ ಇಳಿಸ್ಕೊಂಡೆ."

ನಾನು ಬಿಲ್ಲನ್ನು ಇರಾಳಿಗೆ ವಾಪಸ್ ಕೊಟ್ಟೆ. ನಿಲುವಂಗಿ ಕೊಟ್ಟೆ, ಕವಚ ಕೊಟ್ಟೆ. "ರೊಟ್ಟಿ" ಎಂದು ಅತ್ತೆ ನೆನಪಿಸಿದರು. ಇದ್ದ ರೊಟ್ಟಿಯನ್ನೆಲ್ಲ ಕೊಟ್ಟೆ. ಆಟದೊಳಗೆ ಮಾರನೆಯ ಬೆಳಗಾದಾಗ ಈರವ್ವ ಉಡಿ ತುಂಬಿಕೊಂಡು ಊರ ಬಾಗಿಲು ದಾಟಿದಳು. ಅತ್ತೆಗೆ ಸಮಾಧಾನವಾಯಿತು. ನನಗೆ ಬಸ್ಯಾನ ಚಿಂತೆ.

ಮಾರ್ಚ್ ೫, ಬುಧವಾರ

ಚಿಂತೆ ಸುಳ್ಳಾಗಲಿಲ್ಲ. ಬಿಲ್ಲಿಲ್ಲದೆ ಬಸ್ಯಾ ಮೇಲಿಂದ ಮೇಲೆ ಸಾಯುತ್ತಿದ್ದಾನೆ. ಒಂದು ಸಲ ಬಾವಲಿಯ ಕೈಯಲ್ಲಿ ಸತ್ತ. ಒಂದು ಬಾವಲಿ!

"ಕೊಟ್ಟು ಕೆಟ್ಟವರಿಲ್ಲ" ಎಂದರು ಅತ್ತೆ.

"ಬಸ್ಯಾನ ಹೆಣದ ಮುಂದ ಹೇಳ್ರಿ ಈ ಮಾತ" ಎಂದೆ.

ಅತ್ತೆ ನಕ್ಕರು. ಸೆರಗು ಬಾಯಿಗೆ ಹಿಡಿದು, ಭುಜ ಅಲುಗಿಸಿ ನಕ್ಕರು. ಇವರು ಹೀಗೆ ನಗುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ರೈಲು ಇಳಿದು ಬಂದ ವಿಜಯೇಂದ್ರ ಬಾಗಿಲಲ್ಲೇ ನಿಂತು, "ಏನ್ ನಡಸೀರಿ ಇಬ್ರೂ?" ಎಂದ. "ನಿನಗ ತಿಳಿಯೂದಿಲ್ಲ, ಕೈಕಾಲ್ ತೊಳಕೊ" ಎಂದರು ಅತ್ತೆ.

ಮಾರ್ಚ್ ೧೧, ಮಂಗಳವಾರ

ಸೇತುವೆ.

ಬೆಳಿಗ್ಗೆ ಫಿಸಿಯೋ ಬಳಿ ಊರುಗೋಲಿಲ್ಲದೆ ನಡೆದು ಬಂದೆ. ಆ ಹುರುಪಿನಲ್ಲಿ ಕೂತೆ. ಅತ್ತೆ ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡರು. ಹಿಂದೆ ಕೂರುವುದು ಯಾವಾಗ ನಿಂತಿತೋ ಗಮನಿಸಿಲ್ಲ.

ಬಸ್ಯಾ ಸೇತುವೆಯ ನಡುವೆ ಬಂದ. ಮುಂದಿನಿಂದ ಸೈನಿಕರು, ಹಿಂದಿನಿಂದ ಸೈನಿಕರು. ಎಲ್ಲ ಮೊದಲಿನ ಹಾಗೇ. ರೊಟ್ಟಿ ಮುಗಿಯಿತು. ಜೀವ ಕಡ್ಡಿಯಷ್ಟು ಉಳಿಯಿತು. "ಆತ್ರಿ, ಇಷ್ಟ ಇದು" ಎಂದು ಕೀಬೋರ್ಡ್ ಬಿಟ್ಟುಬಿಟ್ಟೆ.

ಆಗ ಕಹಳೆಯ ಸದ್ದು ಬಂತು. ನಾನು ಆ ಸದ್ದನ್ನು ಈ ಆಟದಲ್ಲಿ ಯಾವತ್ತೂ ಕೇಳಿರಲಿಲ್ಲ. ಸೇತುವೆಯ ಹಿಂದಿನ ತುದಿಯಲ್ಲಿ, ನಾವು ಬಂದ ಕಡೆ, ಧೂಳೆದ್ದಿತು. ಧೂಳಿನೊಳಗಿಂದ ನೀಲಿ ನಿಲುವಂಗಿ.

"ಈರವ್ವ" ಎಂದರು ಅತ್ತೆ, ನೆಂಟರನ್ನು ಸ್ಟೇಷನ್ನಿನಲ್ಲಿ ಗುರುತಿಸಿದ ಹಾಗೆ.

ಅವಳ ಕೈಯಲ್ಲಿ ಬೆಳ್ಳಿ ಬಿಲ್ಲು. ಹಿಂದೆ ಅವಳ ಊರಿನ ಜನ. ಹಿಂದಿನಿಂದ ಬರುತ್ತಿದ್ದ ಸೈನಿಕರನ್ನೆಲ್ಲ ಅವಳೇ ತಡೆದಳು. ಕೆಳಗೆ ಅವಳ ಮಾತು ಮೂಡಿತು. "ಏನ್ ಅಂತಾಳ?" ಎಂದು ಅತ್ತೆ ಕೇಳಿದರು. "ಈ ಬಿಲ್ಲು ನನ್ನ ಊರು ಉಳಿಸ್ತು, ಈಗ ನಿಮ್ಮ ಬೆನ್ನಿಗೆ ನಾ ಅದೀನಿ ಅಂತಾಳ್ರಿ" ಎಂದು ಹೇಳಿ ಕಣ್ಣೊರೆಸಿಕೊಂಡೆ. ಆಟಕ್ಕೆ ಅಳುವುದೇ? ಅತ್ತೆಯೂ ಕಣ್ಣೊರೆಸಿಕೊಂಡರು, ಹಾಗಾಗಿ ಲೆಕ್ಕ ಸರಿಹೋಯಿತು.

ನಾವು ಸೇತುವೆ ದಾಟಿದೆವು. ಕೋಟೆಯ ಬಾಗಿಲ ಮುಂದೆ ಆಟವನ್ನು ಸೇವ್ ಮಾಡಿ ಕಿರಣ್‌ಗೆ ಫೋನು ಹಚ್ಚಿದೆ. ಎಲ್ಲ ಕೇಳಿಸಿಕೊಂಡು, "ಸಿ.ಡಿ. ಚಲೋನ ಇತ್ತೇನ ಹಂಗಾರ" ಎಂದ. ಪಾಪ, ಇಷ್ಟು ವರ್ಷ ಅದನ್ನು ಬೈದಿದ್ದ.

ಮಾರ್ಚ್ ೧೩, ಗುರುವಾರ

ಟಿಕೆಟ್ಟನ್ನು ಮತ್ತೆ ಏಪ್ರಿಲ್‌ಗೆ ಮಾಡಲು ಬರುತ್ತದೆಯೇ ಎಂದು ವಿಜಯೇಂದ್ರನನ್ನು ಸುಮ್ಮನೆ ಕೇಳಿದೆ. ಒಂದೇ ಸಲ ಬದಲಿಸಬಹುದಿತ್ತಂತೆ. ಸುಮ್ಮನೆ ಕೇಳಿದ್ದು ಅಷ್ಟೇ. ಅವನು ನಗುತ್ತಿದ್ದ, ಏಕೋ ಗೊತ್ತಿಲ್ಲ.

ಅತ್ತೆ ಡಬ್ಬಿಗಳನ್ನು ಮೊದಲಿದ್ದ ಜಾಗಕ್ಕೆ ಜೋಡಿಸತೊಡಗಿದ್ದರು. "ನಿನಗ ತ್ರಾಸ ಆಗಬಾರದಲ್ಲ" ಎಂದರು. "ಇರಲಿ ಬಿಡ್ರಿ" ಎಂದೆ. "ಅಲ್ಲೇ ರೂಢಿ ಆಗೇತಿ." ಅವರು ಕೈಯಲ್ಲಿದ್ದ ಸಾಸಿವೆ ಡಬ್ಬಿಯನ್ನು ಮತ್ತೆ ಒಲೆಯ ಎಡಗಡೆಯೇ ಇಟ್ಟರು.

ಮಾರ್ಚ್ ೧೫, ಶನಿವಾರ

ನಿನ್ನೆ ನಾನೊಬ್ಬಳೇ ಬಸ್ಸು ಹತ್ತಿ ಹೋಗಿ ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು ತಂದಿದ್ದೆ. ಕಾಲು ಮುರಿದ ಮೇಲೆ ನಾನು ಹೋದ ಮೊದಲ ಪೇಟೆ. ನನ್ನ ಮದುವೆಯಲ್ಲಿ ಬಂದ ಹಸಿರು ಗುಳೇದಗುಡ್ಡದ ಕುಪ್ಪಸದ ಖಣ ಪೆಟ್ಟಿಗೆಯ ತಳದಲ್ಲಿತ್ತು. ಅದನ್ನೂ ತೆಗೆದಿಟ್ಟಿದ್ದೆ.

ವಿಜಯೇಂದ್ರ ಸೂಟ್‌ಕೇಸ್ ಇಳಿಸಲು ಹೋದಾಗ ಅತ್ತೆಯನ್ನು ಮಣೆ ಇಲ್ಲದ ಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ತಟ್ಟೆ ನೋಡಿದ ಕೂಡಲೇ ಎದ್ದರು.

"ಹುಚ್ಚಿ ಏನ ನೀ? ನನಗ ನಡಿಯೂದಿಲ್ಲ ಇದು. ಯಾರರ ನೋಡಿದ್ರ ಏನಂದಾರು?"

"ಇಲ್ಯಾರು ನೋಡ್ತಾರ್ರಿ, ಕೆಳಗಿನ ಡಚ್ ಅಜ್ಜ?"

"ಗಂಡ ಸತ್ತಾಕಿಗೆ ಯಾರರ ಉಡಿ ತುಂಬ್ತಾರೇನ?"

"ಈರವ್ವಗ ಗಂಡ ಅದಾನೋ ಇಲ್ಲೋ ಅಂತ ನೀವು ಕೇಳಿದ್ರೇನ್ರಿ ಅತ್ತಿ?"

ಅತ್ತೆ ಮೆಲ್ಲಗೆ ಕೂತು ಸೆರಗು ಹಿಡಿದರು. ತೀರ ಚಿಕ್ಕದಾಗಿ ಹಿಡಿದಿದ್ದರು. "ಅಗಲ ಹಿಡೀರಿ" ಎಂದೆ. ಅಕ್ಕಿ ಹಾಕಿದೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಖಣ. ಅವರು ಹಣೆಗೆ ಹಚ್ಚುವ ವಿಭೂತಿಯನ್ನೇ ನಾನು ಹಚ್ಚಿದೆ. ಎರಡು ಜೋಳದ ರೊಟ್ಟಿಯನ್ನೂ ಇಟ್ಟೆ. ನಾನೇ ಬಡಿದದ್ದು, ಒಂದು ಮೂಲೆ ಸೀದಿತ್ತು. ಅತ್ತೆ ಅಳುತ್ತಲೇ ಆ ಮೂಲೆ ನೋಡಿ ನಕ್ಕರು.

ಕಾಲು ಮುಟ್ಟಲು ಬಗ್ಗಿದರೆ ಹಿಮ್ಮಡಿ ಒಪ್ಪಲಿಲ್ಲ. ಅರ್ಧಕ್ಕೇ ನನ್ನನ್ನು ಹಿಡಿದೆತ್ತಿ ಅಪ್ಪಿಕೊಂಡರು. ಉಡಿಯ ಕೊಬ್ಬರಿ ನಮ್ಮಿಬ್ಬರ ನಡುವೆ ಒತ್ತುತ್ತಿತ್ತು. ಆಮೇಲೆ ಪದ್ಧತಿಯಂತೆ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಮನೆಗೆ ಬಿಡಬೇಕಲ್ಲ, ಎಲ್ಲಿ ಬಿಡುವುದೆಂದು ಸುತ್ತ ನೋಡಿದರು. ದೇವರ ಮುಂದೆ ಬಿಡುತ್ತಾರೆ ಎಂದುಕೊಂಡೆ. ಕಂಪ್ಯೂಟರ್ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ ಬಿಟ್ಟರು.

"ಬರತೇನವಾ" ಎಂದರು. ಹೋಗತೇನಿ ಎನ್ನಲಿಲ್ಲ.

ಮಾರ್ಚ್ ೧೭, ಸೋಮವಾರ

ಅಕ್ಕಿಯನ್ನು ಒಂದು ಸಣ್ಣ ಬಾಟಲಿಗೆ ತುಂಬಿ ಮೇಜಿನ ಮೇಲೆಯೇ ಇಟ್ಟಿದ್ದೇನೆ. ನಾಳೆಯಿಂದ ಆಫೀಸು, ಅರ್ಧ ದಿನ. ಡೈರಿಯಲ್ಲಿ ಬೈಯಲು ಯಾರೂ ಸಿಗುತ್ತಿಲ್ಲ. ನಿಖಿತಾಗೆ ಹೇಳಬೇಕು.

"ಆಟ ಮುಗಸೂದಿಲ್ಲೇನ?" ಎಂದು ವಿಜಯೇಂದ್ರ ಕೇಳಿದ. ಕೋಟೆಯೊಳಗೆ ಹೋಗಿ ದೀಪ ಹಚ್ಚುವುದೊಂದೇ ಬಾಕಿ. ಇಷ್ಟು ವರ್ಷ ಕಾದ ಆಟ. ಆದರೂ ಕೂರಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಹುಬ್ಬಳ್ಳಿಯಿಂದ ಅತ್ತೆಯ ಫೋನು ಬಂತು. ಮುಟ್ಟಿದ ಸುದ್ದಿ ಹೇಳಿದರು, ರೊಟ್ಟಿ ವಿಮಾನದಲ್ಲೇ ತಿಂದೆ ಎಂದರು, ಖಣವನ್ನು ಹೊಲಿಯಲು ಕೊಟ್ಟೆ ಎಂದರು. ನನ್ನ ಕಾಲು ಕೇಳಿದರು. ಆಮೇಲೆ ದನಿ ತಗ್ಗಿಸಿದರು.

"ಬಸ್ಯಾ ಬಾಗಲ ಮುಂದ ನಿಂತಾನೇನ ಇನ್ನೂ?"

"ನಿಂತಾನ್ರಿ."

"ನಿಲ್ಲಲಿ. ಮುಂದಿನ ವರ್ಷ ನಾ ಬರೂತನಕ ಒಳಗ ಹೋಗಬ್ಯಾಡ ಅನ್ನು. ಅಲ್ಲೀತನಕ ರೊಟ್ಟಿ ಕಲಿ."